ಗಾಳಿಯಪ್ಪ ಮುಚ್ಚಿಟ್ಟ ಹತ್ತು ನಿಮಿಷ

ಆಪರೇಶನ್ ಥಿಯೇಟರಿನ ಟೆಕ್ನೀಶಿಯನ್‌ಗೆ ಗಾಳಿಯಪ್ಪ ಎಂದು ಹೆಸರಿಟ್ಟವರು ಯಾರೋ, ಅವನಿಗೇ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಅರಿವಳಿಕೆ ಯಂತ್ರ, ಅದರ ಕೊಳವೆ, ಸಿಲಿಂಡರು, ಮಾಸ್ಕು ಎಲ್ಲ ಅವನ ಸುಪರ್ದಿ. ಊರಿಗೆಲ್ಲ ಉಸಿರು ಹಂಚುವವನನ್ನು ಇನ್ನೇನೆಂದು ಕರೆಯುವುದು ಎಂದು ನರ್ಸುಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಕೆಲಸಕ್ಕೆ ನಿಂತನೆಂದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಜಾತಿ. ಬೆಳಗ್ಗೆ ಯಂತ್ರದ ಮುಂದೆ ನಿಂತು ಒಂದೊಂದೇ ನಲ್ಲಿ ಮುಟ್ಟಿ, ಗೊಣಗಿಕೊಂಡು, ಹಾಳೆಯಲ್ಲಿ ಗುರುತು ಹಾಕುತ್ತಿದ್ದ.

ಹೊಸ ನರ್ಸುಗಳಿಗೆ ಮೊದಲ ಪಾಠ ಅವನದೇ. ಸಣ್ಣ ಸೀಸೆಯೊಂದನ್ನು ಬೆಳಕಿಗೆ ಹಿಡಿದು ಹೇಳುತ್ತಿದ್ದ: "ಇದು ನಿದ್ದೆ ಬರ್ಸಲ್ಲ, ನೋವೂ ಕಳೆಯಲ್ಲ. ಮೈ ಸಡಿಲ ಮಾಡುತ್ತೆ, ಅಷ್ಟೇ. ಹೊಟ್ಟೆ ಬಿಗಿಯಾಗಿದ್ರೆ ಡಾಕ್ಟ್ರು ಒಳಗೆ ಕೆಲಸ ಮಾಡೋದು ಹೇಗೆ? ಅದಕ್ಕೆ ಇದು. ಇದು ಒಳಗೆ ಹೋಯ್ತು ಅಂದ್ರೆ ರೆಪ್ಪೆ ಕೂಡ ಆಡಲ್ಲ, ಉಸಿರೂ ಮಷೀನೇ ಕೊಡಬೇಕು. ನಿದ್ದೆ ಕೊಡೋದು ಮಷೀನಿಗೆ ಕೂರಿಸಿರೋ ಆ ಹಳದಿ ಡಬ್ಬಿಯ ಔಷಧ, ಗಾಳಿ ಜೊತೆ ಒಳಗೆ ಹೋಗುತ್ತೆ. ಅದಿಲ್ಲದೆ ಇದೊಂದೇ ಇದ್ರೆ ಮನುಷ್ಯ ಎಚ್ಚರವಾಗಿರ್ತಾನೆ, ಎಚ್ಚರ ಇದೀನಿ ಅಂತ ಹೇಳೋಕೆ ಮಾತ್ರ ಆಗಲ್ಲ."

ಇಷ್ಟು ಚೆನ್ನಾಗಿ ಪಾಠ ಹೇಳುವವನೇ ಎಡವಿದ. ಎಡವಿದ್ದು ಒಂದು ಅಭ್ಯಾಸದಿಂದ. ಒಂದು ಆಪರೇಶನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಆಯಾ ಬಂದು ನೆಲ ಒರೆಸುತ್ತಾಳೆ. ಅವಳು ಒರೆಸುವಾಗ ಹಳದಿ ಡಬ್ಬಿಗೆ ಔಷಧ ತುಂಬಿಸುವುದು ಅವನ ರೂಢಿ. ಅವಳ ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಕೈ ತಾನಾಗಿಯೇ ಬಾಟಲಿಗೆ ಹೋಗುತ್ತಿತ್ತು. ಅಂದು ಮೊದಲ ಆಪರೇಶನ್ನಿನಲ್ಲಿ ಒಂದು ಹನಿ ರಕ್ತವೂ ಕೆಳಗೆ ಬೀಳಲಿಲ್ಲ. ನೆಲ ಕನ್ನಡಿಯಂತಿದೆ, ಮುಂದಿನವರನ್ನು ಕರೆತನ್ನಿ ಎಂದರು ಸರ್ಜನ್. ಆಯಾ ಬರಲಿಲ್ಲ, ಡಬ್ಬಿ ತುಂಬಲಿಲ್ಲ.

ಮುಂದಿನವಳು ಬಸ್ಸಿನ ಡ್ರೈವರೊಬ್ಬನ ಹೆಂಡತಿ, ಬಟ್ಟೆ ಹೊಲಿಯುವವಳು. ಪಿತ್ತಕೋಶದಲ್ಲಿ ಕಲ್ಲು. ಮಲಗಿಸಿ, ಮೈ ಸಡಿಲಿಸಿ, ಯಂತ್ರ ಹಚ್ಚಿದ ಮೇಲೆ ಅರಿವಳಿಕೆಯ ಡಾಕ್ಟರಮ್ಮನಿಗೆ ಹೆರಿಗೆ ಕೋಣೆಯಿಂದ ತುರ್ತು ಕರೆ ಬಂತು. "ಒಂದ್ನಿಮಿಷ ನೋಡ್ಕೊಳ್ಳಿ" ಎಂದು ಅವನಿಗೆ ಹೇಳಿ ಓಡಿದರು. ಗಾಳಿಯಲ್ಲಿ ಔಷಧ ಎಷ್ಟಿದೆಯೆಂದು ಅಳೆದು ಕೂಗುವ ಪೆಟ್ಟಿಗೆ ರಿಪೇರಿಗೆ ಹೋಗಿ ಎರಡು ವಾರವಾಗಿತ್ತು.

ಸರ್ಜನ್ ಹೊಟ್ಟೆ ಕೊಯ್ದು ಕೆಲಸ ಶುರುಮಾಡಿದರು. ನಾಡಿ ಏರಿತು. ನೂರಿಪ್ಪತ್ತು, ನೂರ ಮೂವತ್ತು. ಹಣೆಯಲ್ಲಿ ಬೆವರು. ಕಣ್ಣಿಗೆ ಅಂಟಿಸಿದ್ದ ಪಟ್ಟಿಯ ಅಡಿಯಿಂದ ನೀರು ಕಿವಿಯ ಕಡೆಗೆ ಇಳಿಯಿತು. ಗಾಳಿಯಪ್ಪ ಹತ್ತಿಯಿಂದ ಅದನ್ನು ಒರೆಸಿದ. ಒರೆಸಿದ ಮೇಲೆ ತಲೆ ಎತ್ತಿ ಡಬ್ಬಿಯ ಪುಟ್ಟ ಕಿಟಕಿ ನೋಡಿದ. ಖಾಲಿ. ಬಾಟಲಿ ಎಳೆದುಕೊಂಡು ತುಂಬಿಸಿದ, ಔಷಧ ಹೆಚ್ಚಿಸಿದ. ನಾಡಿ ಇಳಿಯಿತು. ಅಷ್ಟರಲ್ಲಿ ಹತ್ತು ನಿಮಿಷವಾದರೂ ಕಳೆದಿತ್ತು. ಡಾಕ್ಟರಮ್ಮ ವಾಪಸು ಬಂದು ಕೇಳಿದಾಗ, "ಸ್ವಲ್ಪ ಏರಿತ್ತು ಮೇಡಂ, ಈಗ ಸರಿ ಇದೆ" ಎಂದ.

ವಾರದ ನಂತರ ಅವಳು ಹೊಲಿಗೆ ಬಿಚ್ಚಿಸಲು ಬಂದಳು. ಸರ್ಜನ್‌ಗೆ ನೇರವಾಗಿ ಹೇಳಿದಳು: "ನನಗೆ ಎಚ್ಚರ ಇತ್ತು. ನಿಮ್ಮ ಮನೆ ನೀರಿನ ಟ್ಯಾಂಕ್ ಸೋರ್ತಿದೆ ಅಂತ ಮಾತಾಡ್ತಿದ್ರಿ. ಹೊಟ್ಟೆ ಒಳಗೆ ಎಳೀತಿದ್ದದ್ದು ಗೊತ್ತಾಗ್ತಿತ್ತು. ಯಾರೋ ಕಣ್ಣು ಒರೆಸಿದ್ರು." ಸರ್ಜನ್ ನಕ್ಕು, ಔಷಧದ ಅಮಲಿನಲ್ಲಿ ಎಂಥೆಂಥದೋ ಕನಸು ಬೀಳುತ್ತದಮ್ಮ ಎಂದರು. ಬಾಗಿಲ ಬಳಿ ಟ್ರಾಲಿ ಹಿಡಿದು ನಿಂತಿದ್ದ ಗಾಳಿಯಪ್ಪ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡ. ಅವನ ಕಡೆ ಯಾರೂ ನೋಡಿರಲಿಲ್ಲ.

ತಿಂಗಳಲ್ಲಿ ಮೂರು ಸಲ ಬಂದಳು. ಪ್ರತಿ ಸಲವೂ ಬಡವಾಗುತ್ತ ಬಂದಳು. ಮಲಗಲು ಹೆದರಿಕೆ, ಕುರ್ಚಿಯಲ್ಲೇ ಕೂರುತ್ತಾಳೆ, ಹೊಲಿಗೆ ಯಂತ್ರ ಮುಟ್ಟುವುದಿಲ್ಲ, ಕನಸು ಅಂದರೆ ರೇಗುತ್ತಾಳೆ ಎಂದು ಗಂಡ ಅವಳ ಎದುರೇ ವರದಿ ಒಪ್ಪಿಸುತ್ತಿದ್ದ. ನಾದಿನಿಯಂತೂ ತಲೆ ಕೆಟ್ಟಿದೆ ಅಂತಲೇ ತೀರ್ಮಾನಿಸಿದ್ದಳಂತೆ. ಮೂರನೆಯ ಸಲ ಅವಳು ಮೆತ್ತಗೆ ಅಂದಳು, "ಕನಸೇ ಇರ್ಬೇಕು ಬಿಡಿ. ಎಲ್ರೂ ಹೇಳ್ತಾರಲ್ಲ." ಆ ಮಾತು ಗಾಳಿಯಪ್ಪನಿಗೆ ನಾಟಿತು. ಇಷ್ಟು ದಿನ ಅವಳು ಸುಳ್ಳಾಡುತ್ತಿಲ್ಲವೆಂದು ಬಲ್ಲವರು ಇಬ್ಬರಿದ್ದರು. ಈಗ ಉಳಿದವನು ಅವನೊಬ್ಬನೇ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ತರಕಾರಿ ಹೆಚ್ಚುತ್ತಿದ್ದ ಕೈ ನಿಲ್ಲಿಸಿ, "ಇನ್ನೂ ನಾಲ್ಕು ವರ್ಷ ಸರ್ವೀಸ್ ಇದೆ. ಹೋಗಿ ಹೋಗಿ ಬೆಂಕಿಗೆ ಕೈ ಇಡ್ತೀರಾ?" ಎಂದಳು.

"ಇಡ್ಬೇಕು ಅಂತ ಅಲ್ಲ. ಆಗಲೇ ಇಟ್ಟಾಗಿದೆ."

ಅವಳು ಮತ್ತೆ ಹೆಚ್ಚತೊಡಗಿದಳು. ಹೆಚ್ಚುತ್ತಲೇ, "ಆ ಹೆಂಗಸಿಗೆ ನನ್ನಷ್ಟೇ ವಯಸ್ಸಾ?" ಎಂದು ಕೇಳಿದಳು. ಅವನು ಹೂಂ ಎಂದ.

ಮುಂದೆ ಅವನಿಗೇನಾಯಿತು ಎಂಬುದನ್ನು ಈಗಲೇ ಹೇಳಿಬಿಡುವುದು ಮೇಲು. ವಿಚಾರಣೆಯಾಯಿತು. ಥಿಯೇಟರಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಕೆಲವರು ಮಾತು ಬಿಟ್ಟರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಅವನೇ ಹೇಳಿಕೊಂಡು ಓಡಾಡಿದ. ಆದರೆ ಅವನಿಗೆ ಕಷ್ಟವಾದದ್ದು ಅದಲ್ಲ, ಅದಕ್ಕೂ ಮುಂಚಿನ ಒಂದು ಬೆಳಗ್ಗೆ.

ಅಂದು ಸರ್ಜನ್ ಅವಳಿಗೆ ಮಾನಸಿಕ ವಿಭಾಗಕ್ಕೆ ಚೀಟಿ ಬರೆದುಕೊಟ್ಟಿದ್ದರು. ಗಂಡ ಹೆಂಡತಿ ಉದ್ದನೆಯ ಪಡಸಾಲೆಯಲ್ಲಿ ಕಬ್ಬಿಣದ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದರು. ಗಂಡ ನೀರು ತರಲು ಎದ್ದು ಹೋದ. ಗಾಳಿಯಪ್ಪ ಹಸಿರು ಟೊಪ್ಪಿ ತೆಗೆದು ಅವಳ ಮುಂದೆ ನಿಂತ.

"ಅಮ್ಮಾ, ಅದು ಕನಸಲ್ಲ. ನಿಮಗೆ ಎಚ್ಚರ ಇತ್ತು. ನಿದ್ದೆ ಔಷಧ ಖಾಲಿಯಾಗಿತ್ತು, ತುಂಬಿಸ್ಬೇಕಾದವನು ನಾನು, ತುಂಬಿಸ್ಲಿಲ್ಲ. ಕಣ್ಣು ಒರೆಸಿದ್ದೂ ನಾನೇ."

ಅವಳು ಅವನ ಕೈಗಳನ್ನೇ ನೋಡಿದಳು. ನೀರಿನ ಬಾಟಲಿ ಹಿಡಿದು ಗಂಡ ಬಂದಾಗ ಅವಳು ಎದ್ದು ನಿಂತು ಹೇಳಿದಳು, "ಇವರಿಗೂ ಹೇಳಿ. ಈಗ ನನಗೆ ಹೇಳಿದ್ದನ್ನೇ ಹೇಳಿ."

ಅವನು ಹೇಳಿದ. ಡ್ರೈವರ್ ಮೊದಲು ಅವನ ಕಾಲರ್ ಹಿಡಿದ, ಆಮೇಲೆ ಬಿಟ್ಟ, ಆಮೇಲೆ ಹೆಂಡತಿಯ ಮುಖ ನೋಡಲಾರದೆ ಬೆಂಚಿನ ಮೇಲೆ ಕುಸಿದ. ಸರದಿಯ ಜನ ತಿರುಗಿ ನೋಡಿದರು. ಗಾಳಿಯಪ್ಪನಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. ಕೈ ಮುಗಿದ.

"ಕೈ ಮುಗೀಬೇಡಿ" ಎಂದಳು ಅವಳು. "ಕ್ಷಮಿಸೋಕೆ ನನ್ನಿಂದ ಆಗಲ್ಲ. ನಿಮ್ಮ ಮುಖ ಇನ್ನೊಂದ್ಸಲ ನೋಡೋಕೂ ಇಷ್ಟ ಇಲ್ಲ."

ಅವನು ತಲೆ ತಗ್ಗಿಸಿ ಹೊರಡಲು ತಿರುಗಿದ. ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಹೋಗೋಕೆ ಮುಂಚೆ ಇನ್ನೊಂದ್ಸಲ ಹೇಳಿ."

ಗಾಳಿಯಪ್ಪ ಮೂರನೆಯ ಸಲ ಹೇಳಿದ.