ಚೀಟಿಯ ಹಿಂಬದಿ

ನಮ್ಮ ಪಕ್ಕದ ಮನೆಯ ಮಾರ್ಲಿಸ್ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಊಟ ಬಡಿಸಿದವಳು. ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಅಂಥವಳು ಆ ಅಕ್ಟೋಬರಿನಲ್ಲಿ ಮಿಶಿಗನ್ನಿನ ನಮ್ಮ ಕೌಂಟಿಯ ಮನೆಮನೆಗೂ ಹೋಗಿ ಓಟು ಕೇಳಿದಳು, ಅದೂ ಒಬ್ಬ ಜಡ್ಜಿಗಾಗಿ.

ಕಾರಣ ಆರು ವರ್ಷದ ಮೊಮ್ಮಗಳು ಬ್ರಿಟಾ. ಮಗಳು ಕೆಂಡ್ರಾ ಮಾದಕವಸ್ತುವಿನ ಬೆನ್ನು ಹತ್ತಿ ಮಗುವನ್ನು ಬಿಟ್ಟುಹೋದಾಗ, ಜಡ್ಜ್ ಓಬರ್ಲಿನ್ ಅದನ್ನು ಅಜ್ಜಿಯ ಸುಪರ್ದಿಗೆ ಕೊಟ್ಟಿದ್ದರು. ಈಗ ಕೆಂಡ್ರಾ ಮಗು ಬೇಕೆಂದು ಅರ್ಜಿ ಹಾಕಿದ್ದಳು. ಮೊದಲು ಚಟ ಬಿಟ್ಟು ತೋರಿಸು ಎಂದು ಓಬರ್ಲಿನ್ ವಿಚಾರಣೆಯನ್ನು ಜನವರಿಗೆ ಹಾಕಿದರು. ನಮ್ಮಲ್ಲಿ ಜಡ್ಜಿಗಳನ್ನೂ ಜನರೇ ಓಟು ಹಾಕಿ ಆರಿಸಬೇಕು; ನವೆಂಬರಿನಲ್ಲಿ ಅವರದೇ ಚುನಾವಣೆ. ಎದುರಾಳಿ ಪ್ರೆಸ್ಕಾಟ್, ಮಕ್ಕಳು ಹೆತ್ತವಳ ಹತ್ತಿರವೇ ಇರಬೇಕು ಎಂದು ಸಾರಿಕೊಂಡು ತಿರುಗುತ್ತಿದ್ದ.

"ವರ್ನ್, ನಿಮ್ಮನೇಲಿ ಐದು ಓಟಿದೆ. ಮರೀಬೇಡ," ಎಂದು ಮಾರ್ಲಿಸ್ ನಮ್ಮ ಬಾಗಿಲಲ್ಲಿ ನಿಂತು ನನಗೆ ಹೇಳಿದಳು.

"ಓಬರ್ಲಿನ್‌ಗೇ ಹಾಕ್ತೀವಿ, ಹೋಗು ಮಾರಾಯ್ತಿ."

"ಅಂಗಳದ ಹಿಮ ಗೋರಿಕೊಡ್ತೀನಿ ಅಂತ ಹೇಳಿ, ಅದೆಲ್ಲ ಕರಗಿದ್ಮೇಲೆ ಏಪ್ರಿಲ್‌ನಲ್ಲಿ ಬಂದೋನು ನೀನು," ಎಂದು ನಕ್ಕಳು.

ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಒಂದೇ ಪದ್ಧತಿ. ಓಟಿನ ಚೀಟಿಯ ಮೇಲ್ಗಡೆ ಪಕ್ಷದ ಹೆಸರಿನ ಪಕ್ಕದ ಸೊನ್ನೆಗೆ ಮಸಿ ತುಂಬಿದರೆ ಆ ಪಕ್ಷದವರಿಗೆಲ್ಲ ಓಟು ಬಿತ್ತು. ಮುಗಿಯಿತು, ಕೆಲಸಕ್ಕೆ ಹೊರಡು. ಐವರೂ ಹಾಗೇ ಮಾಡಿದೆವು.

ಓಬರ್ಲಿನ್ ನಾಲ್ಕು ಓಟಿನಿಂದ ಸೋತರು. ಮರುಎಣಿಕೆಯಲ್ಲೂ ನಾಲ್ಕೇ.

ನನ್ನ ಹೆಂಡತಿ ಡಾರ್ಲಾ ಪೇಪರು ಓದುತ್ತ ತಲೆಯೆತ್ತಿದಳು. "ಜಡ್ಜಿಗಳಿಗೆ ಪಕ್ಷ ಇಲ್ವಂತೆ ಕಣೋ. ಅವರ ಹೆಸರು ಚೀಟಿ ಹಿಂದ್ಗಡೆ ಇತ್ತಂತೆ, ಬೇರೆ ಗುರುತು ಹಾಕ್ಬೇಕಿತ್ತಂತೆ. ನೀನು ತಿರುಗಿಸಿ ನೋಡಿದ್ಯಾ?"

"ನೀನು?"

ಅವಳು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಳು. ತಮ್ಮಂದಿರಿಬ್ಬರನ್ನೂ ದೊಡ್ಡ ತಮ್ಮನ ಹೆಂಡತಿಯನ್ನೂ ಕೇಳಿದೆ. ಒಬ್ಬ ಮಹಾನುಭಾವನೂ ಚೀಟಿ ಮಗುಚಿರಲಿಲ್ಲ. ಥೂ ನಮ್ಮ ಜನ್ಮಕ್ಕೆ! ಪೆಟ್ಟಿಗೆಗೆ ಬಿದ್ದ ಚೀಟಿಯನ್ನು ತಿದ್ದುತ್ತೇನೆ ಎಂದರೆ ಯಾರು ಕೇಳುತ್ತಾರೆ? ನಾಚಿಕೆಯಿಂದ ಒಂದು ವಾರ ಮಾರ್ಲಿಸಳ ಮನೆಯತ್ತ ಮುಖ ಹಾಕಲಿಲ್ಲ.

ಜನವರಿಯಲ್ಲಿ ಪ್ರೆಸ್ಕಾಟ್ ಕಾಲು ಗಂಟೆಯೊಳಗೆ ತೀರ್ಪು ಕೊಟ್ಟ. ಕೆಂಡ್ರಾಳ ಕಾರಿನಲ್ಲಿ ಮಗು ಕಿಟಕಿಗೆ ಹಣೆ ಒತ್ತಿಕೊಂಡು ಕೂತಿತ್ತು. ನಾನು ಅಂಗಳದಲ್ಲೇ ನಿಂತಿದ್ದೆ. ಏನು ಮಾಡಲಿ, ಹೇಳಿ?

ಕಾರು ತಿರುವು ದಾಟಿದ ಮೇಲೆ ಮಾರ್ಲಿಸ್ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು.

"ನಿಮ್ಮನೆಯವರು ಕೈಬಿಡಲಿಲ್ಲ ವರ್ನ್," ಎಂದಳು. "ನಿಮ್ಮ ಐದು ಓಟು ಇಲ್ದಿದ್ರೆ ಒಂಬತ್ತರಲ್ಲಿ ಸೋಲ್ತಿದ್ವಿ."

ನಾನು ಹೌದೆನ್ನುವಂತೆ ತಲೆಯಾಡಿಸಿದೆ.