ಶೀನಣ್ಣ ಮತ್ತು ಹಳದಿ ಟ್ಯಾಕ್ಸಿ

“ಇದು ಯಾರು?” ಎಂದು ಕೇಳಿದರು ಶೀನಣ್ಣ.

ಅವರದೇ ಫೋಟೋ. ಅರೆ ನಿಮಿಷದ ಹಿಂದೆ ನಾನೇ ಮೊಬೈಲಿನಲ್ಲಿ ತೆಗೆದದ್ದು.

ಅವರ ಅನುಮಾನದಲ್ಲಿ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ ದೋಸೆಕಲ್ಲಿನ ಮುಂದೆ ನಿಂತು ಕಪ್ಪಾದ ಮುಖವನ್ನು ನನ್ನ ಮೊಬೈಲು ತಾನಾಗಿಯೇ ಬೆಳ್ಳಗೆ ಮಾಡಿತ್ತು. ಕೆನ್ನೆಯ ಸುಟ್ಟ ಗುರುತು ಮಾಯ. ಹಣೆಯ ಗೆರೆಗಳು ಮಾಯ. ತುಟಿಗೆ ಒಂದಿಷ್ಟು ಗುಲಾಬಿ ಬಣ್ಣ ಬೇರೆ. (ನಾನು ಕೇಳಿರಲಿಲ್ಲ. ಅದೂ ನನ್ನನ್ನು ಕೇಳಿರಲಿಲ್ಲ.)

“ಇದನ್ನು ಊರಿಗೆ ತಕೊಂಡು ಹೋದ್ರೆ ಹೆಂಡತಿ ಬಾಗಿಲು ತೆಗೆಯುದಿಲ್ಲ ಅಕ್ಕ,” ಎಂದರು.

ಕಲ್ಕತ್ತದ ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಭಟ್ಟರ ಹೋಟೆಲು. ನನ್ನ ಆಫೀಸಿನಿಂದ ಐದು ನಿಮಿಷದ ನಡಿಗೆ. ಹನ್ನೊಂದು ವರ್ಷಗಳಿಂದ ಮಧ್ಯಾಹ್ನ ಅಲ್ಲಿ ದೋಸೆ ತಿನ್ನುತ್ತಿದ್ದೇನೆ. ಕಳೆದ ತಿಂಗಳು ಭಟ್ಟರು ನನ್ನ ಟೇಬಲ್ಲಿಗೆ ಬಂದು, “ಮೇಡಂ, ನಮ್ಮ ಶೀನ ನಾಡಿದ್ದು ಊರಿಗೆ ಹೋಗ್ತಾನೆ. ಇನ್ನು ಬರುದಿಲ್ಲ. ಭುಜ ಏಳುದಿಲ್ಲ ಅವನಿಗೆ. ಒಂದು ಫೋಟೋ ತೆಗೀಬಹುದಾ?” ಎಂದರು. ಆಗ ನಾನು ಕೇಳಿದ ಪ್ರಶ್ನೆಯನ್ನು ಬರೆಯಲು ನಾಚಿಕೆಯಾಗುತ್ತದೆ.

“ಶೀನ ಅಂದ್ರೆ ಯಾರು?” ಎಂದೆ.

ಹನ್ನೊಂದು ವರ್ಷ ತಿಂದ ದೋಸೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂದು ಗೊತ್ತಾದದ್ದು ಆ ದಿನ. ನೀವು ದಿನಾ ತಿನ್ನುವ ಹೋಟೆಲಿನ ಅಡುಗೆಯವರ ಹೆಸರು ನಿಮಗೆ ಗೊತ್ತೇ? ಇರಲಿ, ಬಿಡಿ.

ಮೊಬೈಲು ಫೇಲಾದ ಮೇಲೆ ಮರುದಿನ ನನ್ನ ಹಳೆಯ ಫಿಲ್ಮ್ ಕ್ಯಾಮರಾ ತಂದೆ. ಅದಕ್ಕೆ ಚರ್ಮ ತಿದ್ದುವ ಬುದ್ಧಿಯಿಲ್ಲ. ಒಳಗೆ ಕಲರ್ ಫಿಲ್ಮ್ ಇತ್ತು. ಮೂವತ್ತಾರು ಫೋಟೋಗಳಲ್ಲಿ ಮೂವತ್ತನಾಲ್ಕು ಆಗಲೇ ಮುಗಿದಿದ್ದವು. ಹೆಚ್ಚಿನವು ಪಾರಿವಾಳ. ಹೊಸ ರೋಲು ಅಂಗಡಿಯಲ್ಲಿ ಇರಲಿಲ್ಲ. ಶೀನಣ್ಣನ ರೈಲು ಮಾರನೆಯ ಬೆಳಿಗ್ಗೆ.

ಎರಡು ಫ್ರೇಮು. ಸಾಕಲ್ಲ, ಒಬ್ಬರೇ ಮನುಷ್ಯ ಎಂದುಕೊಂಡೆ.

ಆದರೆ ಶೀನಣ್ಣನ ಬೇಡಿಕೆ ಎರಡಿತ್ತು. “ನನ್ನ ಮುಖ ಕಾಣಬೇಕು. ಹಿಂದೆ ರೋಡೂ ಕಾಣಬೇಕು. ಹಳದಿ ಟ್ಯಾಕ್ಸಿ ಇದ್ರೆ ಒಳ್ಳೇದು. ಇಲ್ಲದಿದ್ರೆ ಇದು ಕಲ್ಕತ್ತ ಅಂತ ಗೊತ್ತಾಗುದು ಹೇಗೆ? ಹೆಂಡತಿ ಒಮ್ಮೆಯೂ ಇಲ್ಲಿಗೆ ಬಂದವಳಲ್ಲ.”

ನ್ಯಾಯವಾದ ಬೇಡಿಕೆ. ಕಷ್ಟ ಇದ್ದದ್ದು ಬೆಳಕಿನದು.

ಭಟ್ಟರ ಹೋಟೆಲು ರೈಲಿನ ಬೋಗಿಯ ಹಾಗೆ ಉದ್ದ. ಬಾಗಿಲು ಒಂದೇ, ಆ ತುದಿಯಲ್ಲಿ. ದೋಸೆಕಲ್ಲು ಈ ತುದಿಯ ಕತ್ತಲಲ್ಲಿ. ಬಾಗಿಲಾಚೆ ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಟಾರು ರಸ್ತೆಯನ್ನು ನೋಡಿದರೆ ಕಣ್ಣು ಮುಚ್ಚಿಹೋಗುವಂಥ ಬಿಸಿಲು. ನಮ್ಮ ಕಣ್ಣು ಎರಡನ್ನೂ ಹೇಗೋ ಹೊಂದಿಸಿಕೊಳ್ಳುತ್ತದೆ. ಫಿಲ್ಮ್ ಹೊಂದಿಸಿಕೊಳ್ಳುವುದಿಲ್ಲ. ರೋಡಿಗೆ ಬೆಳಕು ಅಳೆದರೆ ಮುಖ ಮಸಿ. ಮುಖಕ್ಕೆ ಅಳೆದರೆ ರೋಡು ಸುಣ್ಣ. (ಫ್ಲ್ಯಾಶ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಕೆಟ್ಟಿತ್ತು.)

ಕಲ್ಲಿನ ಹಿಂದೆ, ಅಕ್ಕಿಚೀಲಕ್ಕೆ ಬೆನ್ನು ಕೊಟ್ಟು ನಿಂತೆ. ಶೀನಣ್ಣ ಹಿಟ್ಟು ಹುಯ್ದು, ಕತ್ತು ನನ್ನ ಕಡೆ ತಿರುಗಿಸಿದರು. ಟ್ಯಾಕ್ಸಿಗೆ ಕಾದೆವು.

ಹಳದಿ ಟ್ಯಾಕ್ಸಿ ಈಗ ಕೇಳಿದಾಗ ಬರುವ ವಸ್ತುವಲ್ಲ. ಬಂದದ್ದೆಲ್ಲ ಬಿಳಿ ಆ್ಯಪ್ ಕ್ಯಾಬು. ಇಪ್ಪತ್ತು ನಿಮಿಷ ಕಾದೆವು. ಏಳು ದೋಸೆ ಆದವು. ಭಟ್ಟರು ಅವನ್ನು ಕೇಳಿದವರಿಗೂ ಕೇಳದವರಿಗೂ ಬಡಿಸಿದರು.

“ಬಂತು, ಬಂತು!” ಎಂದು ಅವರೇ ಬಾಗಿಲಿನಿಂದ ಕೂಗಿದರು.

ಗಡಿಬಿಡಿಯಲ್ಲಿ ಕ್ಯಾಮರಾ ಎತ್ತಿದೆ. ಅದರೊಳಗೆ ಬೆಳಕು ಅಳೆಯುವ ಮೀಟರಿನ ಮುಳ್ಳು ಸರಿಯಾಗಿ ನಡುವೆ ನಿಂತಿತ್ತು. ಒತ್ತಿದೆ. ಒತ್ತಿದ ಮೇಲೆ ಹೊಳೆಯಿತು: ಮುಳ್ಳು ಸಮಾಧಾನಗೊಂಡದ್ದು ಬಾಗಿಲನ್ನು ನೋಡಿ, ಶೀನಣ್ಣನನ್ನಲ್ಲ.

“ಇನ್ನೊಂದು ತೆಗೀತೀನಿ,” ಎಂದೆ. ಕಾರಣ ಹೇಳಲಿಲ್ಲ.

ಈ ಸಲ ಅವರ ಮುಖದ ಹತ್ತಿರ, ಒಂದು ಗೇಣು ದೂರದವರೆಗೆ ಕ್ಯಾಮರಾ ಒಯ್ದು ಬೆಳಕು ಅಳೆದೆ. ಅಷ್ಟು ಹತ್ತಿರದಿಂದ ಶೀನಣ್ಣ ಅಲುಗಾಡದೆ ನಿಂತರು. ಕೆನ್ನೆಯ ಗುರುತು ನೋಡುತ್ತಿದ್ದೇನೆ ಎಂದುಕೊಂಡರೋ ಏನೋ, “ಅದು ಎಣ್ಣೆ ಹಾರಿದ್ದು. ಮಗಳು ಹುಟ್ಟಿದ ಸುದ್ದಿ ಬಂತು ನೋಡಿ, ಆ ದಿನ,” ಎಂದರು.

“ಊರಿಗೆ ಹೋದ್ರಾ?”

“ಹೋದೆ. ಐದು ತಿಂಗಳಾದ ಮೇಲೆ.”

ಕಲರ್ ನೆಗೆಟಿವ್ ಹೆಚ್ಚು ಬೆಳಕನ್ನು ಕ್ಷಮಿಸುತ್ತದೆ, ಕಡಿಮೆ ಬೆಳಕನ್ನು ಕ್ಷಮಿಸುವುದಿಲ್ಲ ಎಂದು ಎಲ್ಲೋ ಓದಿದ್ದೆ. ಆದದ್ದಾಗಲಿ ಎಂದು ಮುಖಕ್ಕೆ ಅಳೆದದ್ದನ್ನೇ ಇಟ್ಟುಕೊಂಡೆ. ರೋಡು ಬರುವುದಿಲ್ಲ ಎಂದು ಗೊತ್ತಿತ್ತು. ಆದರೂ ಶೀನಣ್ಣ ಇನ್ನೊಂದು ಟ್ಯಾಕ್ಸಿಗೆ ಕಾಯಿಸಿದರು. ಕಾದೆ. ಬಂತು. ಒತ್ತಿದೆ.

ಅವರು ಊರಿಗೆ ಹೋದರು. ವಾರದ ಮೇಲೆ ಪ್ರಿಂಟು ತರಲು ಹೋದಾಗ ಲ್ಯಾಬಿನ ಮುದುಕರು ಎರಡನ್ನೂ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು, “ದೀದಿ, ಆದ್ಮೀ ಚಾಹಿಯೇ ಯಾ ರಾಸ್ತಾ?” ಎಂದು ಕೇಳಿದರು, ಮನುಷ್ಯ ಬೇಕೋ ರಸ್ತೆ ಬೇಕೋ ಎಂದು.

ಮೊದಲನೆಯದರಲ್ಲಿ ರಸ್ತೆ ಅಪೂರ್ವವಾಗಿತ್ತು. ಟ್ಯಾಕ್ಸಿಯ ಹಳದಿ, ಎದುರಿನ ಕಟ್ಟಡದ ಹಸಿರು ಕಿಟಕಿ, ನೆರಳಿಗೆ ಓಡುತ್ತಿರುವ ಕೆಂಪು ಸೀರೆಯ ಹೆಂಗಸು. ಶೀನಣ್ಣ ಮಾತ್ರ ಕತ್ತರಿಸಿ ಅಂಟಿಸಿದ ಕರಿ ಕಾಗದ. ಎರಡನೆಯದರಲ್ಲಿ ಶೀನಣ್ಣ ಇದ್ದ ಹಾಗೇ ಇದ್ದರು: ಬೆವರು, ಗೆರೆ, ಗುರುತು ಎಲ್ಲ. ಹಿಂದಿನ ಬಾಗಿಲು ಮಾತ್ರ ಮಜ್ಜಿಗೆಯಂತೆ ಬೆಳ್ಳಗೆ. ನಡುವೆ ಅರಿಶಿನ ತಾಗಿದ ಹಾಗೆ ಒಂದು ಮಸುಕು ಕಲೆ. ಅದು ಟ್ಯಾಕ್ಸಿ. ನನಗೆ ಗೊತ್ತು, ಹಾಗಾಗಿ ಟ್ಯಾಕ್ಸಿ.

ಎರಡನ್ನೂ ಕೊರಿಯರ್ ಮಾಡಿದೆ. ಜತೆಗೆ ಚೀಟಿ: “ಮುಖ ಕಾಣುವ ಫೋಟೋ ಚೆನ್ನಾಗಿದೆ. ಇನ್ನೊಂದು ಹಾಳಾಗಿದೆ, ಕ್ಷಮಿಸಿ.”

ಕಳೆದ ಭಾನುವಾರ ಶೀನಣ್ಣ ಫೋನ್ ಮಾಡಿದರು. “ಸಿಕ್ಕಿತು ಅಕ್ಕ. ಮುಖ ನನ್ನದೇ. ಸಂಶಯ ಇಲ್ಲ,” ಎಂದು ಫೋನನ್ನು ಹೆಂಡತಿಗೆ ಕೊಟ್ಟರು. ಗಿರಿಜಕ್ಕ ಅಂತ ಹೆಸರು. ಮಾತು ನಿಧಾನ.

“ಫ್ರೇಮು ಹಾಕಿಸಿ ಗೋಡೆಗೆ ಹಾಕಿದ್ದೇವೆ,” ಎಂದರು.

“ಮುಖದ್ದು ತಾನೇ?”

“ಅಲ್ಲ. ಕಪ್ಪಿಂದು.”

“ಅದು ಹಾಳಾದದ್ದಲ್ವಾ?” ಎಂದೆ.

“ಮುಖ ಈಗ ದಿನಾ ಮನೆಯಲ್ಲೇ ಉಂಟಲ್ಲ,” ಎಂದರು. “ಮೂವತ್ತೊಂದು ವರ್ಷ ಇವರು ಎಲ್ಲಿದ್ರು ಅಂತ ನಾನು ನೋಡಬೇಕಿತ್ತು. ಅದರಲ್ಲಿ ಚಂದ ಕಾಣ್ತದೆ.”

ಈಗ ಹೇಳಿ, ನಾನು ಹಾಳುಮಾಡಿದ್ದು ಯಾವ ಫೋಟೋ?