ಗುಂಡಿ ಕಟ್ಟಿದ ಕೂದಲು

ಆ ಮಳೆಗಾಲ ಟೈಲರಮ್ಮನ ಗೋಡೆಯ ಮೇಲೆ ಬೆಳೆದಿದ್ದ ಬೂಷ್ಟಿನಲ್ಲಿ ಎರಡು ಆಡು ಧಾರಾಳವಾಗಿ ಮೇಯಬಹುದಿತ್ತು. ಹೊಲಿದು ತೂಗುಹಾಕಿದ ಕೋಟಿಗೆ ಮೂರೇ ದಿನಕ್ಕೆ ಬಿಳಿ ಗಡ್ಡ ಬರುತ್ತಿತ್ತು.

ಮನೆ ಮಾಲೀಕ ಬಂದವನೇ ಮೂಗು ಮುಚ್ಚಿಕೊಂಡ. "ಇದೆಲ್ಲ ನಿಮ್ಮಿಂದಲೇ ಕಣಮ್ಮ. ಬೇಸಿಗೇಲಿ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ, ಬಕೆಟ್‌ನಲ್ಲಿ ನೀರಿಟ್ಟಿದ್ದು ನಾನೇ ನೋಡಿದೀನಿ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ಹತ್ತೊಂಬತ್ತು ವರ್ಷ ಹೊಲಿಗೆ ಹಾಕಿದ ಮನೆ. ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಆ ಕಾವಿಗೇ ಗೋಡೆ ಒಣಗಬೇಕಿತ್ತು, ಒಣಗಲಿಲ್ಲ.

"ಬೇಸಿಗೇಲಿ ಗಾಳಿ ಒಣಗಿದ್ರೆ ದಾರ ಹರಿಯತ್ತೆ, ಅದಕ್ಕೆ ನೀರಿಡ್ತೀನಿ. ಮಳೆ ಶುರುವಾದ್ರೆ ಬಕೆಟ್ ಬೋರಲು ಹಾಕಿ ಬೆಳಕಿಂಡಿ ತೆಗೀತೀನಿ. ಈ ಸಲ ಯಾವ ಬೆಳಕಿಂಡಿ ತೆಗೀಲಿ? ಪಾರಿವಾಳ ಬರತ್ತೆ ಅಂತ ನೀವೇ ಇಟ್ಟಿಗೆ ಇಟ್ಟು ಮುಚ್ಚಿಸಿದ್ರಲ್ಲ."

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ? ನೀವು ಅಡುಗೆ ಮಾಡ್ತೀರಿ, ಇಸ್ತ್ರಿ ಹಾಕ್ತೀರಿ, ಉಸಿರಾಡ್ತೀರಿ."

"ಉಸಿರಾಡೋದೂ ತಪ್ಪಾಯ್ತಾ ಈಗ?"

ಟೈಲರಮ್ಮನ ಹತ್ತಿರ ಸಾಕ್ಷಿಯಿತ್ತು. ಹೊಲಿಗೆ ಯಂತ್ರದ ಪಕ್ಕದ ಮೊಳೆಗೆ ಆಕೆ ತನ್ನದೇ ತಲೆಯ ಒಂದು ಉದ್ದನೆಯ ಕೂದಲು ಕಟ್ಟಿ, ತುದಿಗೆ ಕೋಟಿನ ಗುಂಡಿ ಇಳಿಬಿಟ್ಟಿದ್ದಳು. ತೇವ ಹೆಚ್ಚಾದರೆ ಕೂದಲು ಹಿಗ್ಗಿ ಗುಂಡಿ ಇಳಿಯುತ್ತದೆ, ಒಣಗಿದರೆ ಏರುತ್ತದೆ. ಗುಂಡಿಯ ಹಿಂದಿದ್ದ ಮರದ ಪಟ್ಟಿಯ ಮೇಲೆ ನಾಲ್ಕು ವರ್ಷದ ಬೇಸಿಗೆ, ಮಳೆ, ಚಳಿ ಎಲ್ಲಕ್ಕೂ ಪೆನ್ಸಿಲ್ ಗೀಟುಗಳಿದ್ದವು.

"ಕೂದಲು ಸಾಕ್ಷಿ ಹೇಳತ್ತಾ?" ಮಾಲೀಕ ನಕ್ಕ.

"ಇವತ್ತೇ ಬೀಗ ಹಾಕಿ ಕೀಲಿ ನಿಮ್ಮ ಕೈಗೇ ಕೊಡ್ತೀನಿ. ಹತ್ತು ದಿನ ನಮ್ಮಕ್ಕನ ಮನೇಲಿ ಉಸಿರಾಡ್ಕೊಂಡು ಬರ್ತೀನಿ."

ಹತ್ತು ದಿನ ಕಳೆದ ಮೇಲೆ ಮಾಲೀಕನೇ ಬಾಗಿಲು ತೆಗೆದ. ಒಳಗಿನ ಗಾಳಿಯನ್ನು ಹಿಂಡಿದ್ದರೆ ಎರಡು ಕೊಡ ತುಂಬುತ್ತಿತ್ತು. ಟೈಲರಮ್ಮ ಹೋಗುವಾಗ ಎಳೆದಿದ್ದ ಗೀಟಿಗಿಂತ ಗುಂಡಿ ಕೆಳಗೆ ಜೋತುಬಿದ್ದಿತ್ತು. ಬೆಳಕಿಂಡಿ ತೆರೆದಿದ್ದ ಹಿಂದಿನ ಮಳೆಗಾಲಗಳ ಗೀಟುಗಳೆಲ್ಲ ಮೇಲೆಲ್ಲೋ ಇದ್ದವು.

"ಯಾರು ಅಡುಗೆ ಮಾಡಿದ್ರು ಸ್ವಾಮಿ ಇಲ್ಲಿ? ಯಾರು ಉಸಿರಾಡಿದ್ರು?"

ಮಾಲೀಕ ಗೀಟುಗಳನ್ನು ಮೂರು ಸಲ ಓದಿದ, ಗುಂಡಿಯನ್ನು ಊದಿಯೂ ನೋಡಿದ. ಕೊನೆಗೆ, "ನಾಳೆ ಗಾರೆಯವನನ್ನ ಕಳಿಸ್ತೀನಿ" ಎಂದು ಗೊಣಗಿದ.

"ನಾಳೆ ಯಾಕೆ?" ಟೈಲರಮ್ಮ ಸ್ಟೂಲನ್ನು ಗೋಡೆಗೆ ಸರಿಸಿ, ಸುತ್ತಿಗೆಯನ್ನು ಅವನ ಕೈಗಿಟ್ಟಳು.

ಸಂಜೆಯೊಳಗೆ ಬೆಳಕಿಂಡಿ ಬಾಯಿಬಿಟ್ಟಿತು. ಮನೆ ಖಾಲಿ ಮಾಡುವ ಮಾತು ಬಾಯಿಮುಚ್ಚಿತು. ವಾರ ಕಳೆಯುವಷ್ಟರಲ್ಲಿ ಗುಂಡಿ ಹಳೆಯ ಗೀಟಿನ ಹತ್ತಿರಕ್ಕೆ ಏರಿತು. ಟೈಲರಮ್ಮನ ಸಿಟ್ಟು ಮಾತ್ರ ಇನ್ನೂ ಒಣಗಿಲ್ಲ. ಮಾಲೀಕನ ಪ್ಯಾಂಟು ಹೊಲಿಗೆಗೆ ಬಂದರೆ ಇವತ್ತಿಗೂ ಸೊಂಟದಲ್ಲಿ ಅರ್ಧ ಇಂಚು ಕಡಿಮೆ ಇಡುತ್ತಾಳೆ. ಬಿಗಿಯಾಯಿತೆಂದು ಅವನು ಬಂದರೆ ತಲೆಯೆತ್ತದೆ ಹೇಳುತ್ತಾಳೆ: "ಉಸಿರಾಡೋದು ಸ್ವಲ್ಪ ಕಡಿಮೆ ಮಾಡಿ, ಸರಿಹೋಗತ್ತೆ."